ತೊಟ್ಟಿಲಲ್ಲಿ ಕೂತ ಒಂಬತ್ತು ವರ್ಷದ ಕೂಸು

ಪೂಜ್ಯ ಚಕ್ಕಡಿ ಅಜ್ಜನವರಿಗೆ ಮಠವೆಂಬುದು ಇರಲಿಲ್ಲ. ಒಂದು ಹಳೆಯ ಚಕ್ಕಡಿ, ಎರಡು ಮುದಿ ಎತ್ತು, ಹೊದೆಯಲು ಕಂಬಳಿ, ಇಷ್ಟೇ ಅವರ ಸಂಸ್ಥಾನ. ಪ್ಲೇಗು ಪಟ್ಟಣಕ್ಕೆ ಪಟ್ಟಣವನ್ನೇ ಗುಡಿಸಿಹಾಕಿದ ಆ ವರ್ಷಗಳಲ್ಲಿ, ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಆ ಚಕ್ಕಡಿಯಲ್ಲಿ ಕೂಡಿಸಿಕೊಂಡು ಹಳ್ಳಿ ಹಳ್ಳಿಗೆ ಒಯ್ದು, ಒಕ್ಕಲುತನದ ಮನೆಗಳಿಗೆ ಒಪ್ಪಿಸುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ವಯಸ್ಸು ಎಷ್ಟೇ ಇರಲಿ, ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಮನೆಯ ಸೋದರತ್ತೆ ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕೂಗಬೇಕು, ನೆರೆದ ಹೆಂಗಸರು ಪದ್ಧತಿಯಂತೆ ಅತ್ತೆಯ ಬೆನ್ನಿಗೆ ಗುದ್ದಬೇಕು. ಮೀಸೆ ಚಿಗುರುವ ಹುಡುಗರು ಕಾಲು ಹೊರಗೆ ಚಾಚಿ ತೊಟ್ಟಿಲಲ್ಲಿ ಕೂತರೆ ಜನ ನಗದೆ ಏನು ಮಾಡಿಯಾರು? ಅಜ್ಜನವರೂ ನಗುತ್ತಿದ್ದರು. ಕಟ್ಟಳೆಯನ್ನು ಮಾತ್ರ ಸಡಿಲಿಸುತ್ತಿರಲಿಲ್ಲ.

ತೋಳಗಟ್ಟಿಯ ಬೇವಿನ ಮರದ ಕೆಳಗೆ ಆ ದಿನ ನೊಗ ಇಳಿಸಿದಾಗ ಚಕ್ಕಡಿಯಲ್ಲಿ ಉಳಿದಿದ್ದವಳು ಒಂಬತ್ತು ವರ್ಷದ ಒಬ್ಬಳೇ ಹುಡುಗಿ. ಒಂದು ಮನೆಯವರು ಅವಳಿಗೆ ಪಾರ್ವತಿ ಎಂದು ಹೆಸರಿಟ್ಟಿದ್ದರು, ಇನ್ನೊಂದು ಮನೆಯವರು ಸರಸ್ವತಿ ಎಂದು. ಕರೆದರೆ ತಿರುಗಿ ನೋಡಲಿಲ್ಲ, ತುಟಿ ಬಿಚ್ಚಲಿಲ್ಲ. ಕಿವುಡಿ, ಮೂಕಿ ಎಂದು ಎರಡೂ ಮನೆಯವರು ಅವಳನ್ನು ಅಜ್ಜನವರ ಬಳಿಗೇ ತಂದು ಬಿಟ್ಟಿದ್ದರು. ಇದು ಮೂರನೆಯ ಊರು. ಇಲ್ಲಿಯೂ ಬೇಡವೆಂದರೆ ಅವಳಿಗೆ ದಿಕ್ಕಿಲ್ಲದ ಮಕ್ಕಳನ್ನು ಕೂಡಿಹಾಕುವ ಪಟ್ಟಣದ ತಗಡಿನ ಶೆಡ್ಡೇ ಗತಿ.

ಆ ಊರಿನ ಅಡಿವೆಪ್ಪನಿಗೂ ಅವನ ಹೆಂಡತಿ ಬಾಳವ್ವನಿಗೂ ಮಕ್ಕಳಿರಲಿಲ್ಲ. ಹುಡುಗಿಯನ್ನು ನೋಡಿದ್ದೇ ಇಬ್ಬರೂ ಚಕ್ಕಡಿಯ ಹತ್ತಿರ ಬಂದು ನಿಂತರು. ಆದರೆ ಆ ಮನೆಯಲ್ಲಿ ಅಡಿವೆಪ್ಪನ ಅಕ್ಕ ದುಂಡವ್ವನ ಮಾತಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗುವಂತಿರಲಿಲ್ಲ. ಗಂಡ ತೀರಿದ ಮೇಲೆ ಇಪ್ಪತ್ತು ವರ್ಷದಿಂದ ತವರಲ್ಲಿದ್ದ ಹೆಂಗಸು. ನಾಲಿಗೆಯೋ, ಅಬ್ಬಬ್ಬಾ, ಮೆಣಸಿನಕಾಯಿ! ಸೊಂಟಕ್ಕೆ ಸೆರಗು ಬಿಗಿದೇ ಬಂದಳು.

"ಅಜ್ಜಾರ, ಯಾರ ಪೈಕಿ ಅಂತ ಗೊತ್ತಿಲ್ಲದ ಕೂಸು. ಮಾತಿಲ್ಲ, ಕತಿ ಇಲ್ಲ. ಎರಡು ಮನಿ ಬ್ಯಾಡಂದದ್ದು ನಮ್ಮ ಕೊರಳಿಗ್ಯಾಕ?"

ಅಜ್ಜನವರು ಸಿಟ್ಟಾಗಲಿಲ್ಲ. "ಆತವ್ವಾ. ಅತ್ತಿ ಒಲ್ಲೆ ಅಂದ್ರ ತೊಟ್ಟಿಲಿಲ್ಲ. ಹೊಳ್ಳಿ ಒಯ್ತೇವಿ."

ದುಂಡವ್ವನ ಸ್ವರ ತಗ್ಗಿತು. "ನಾ ಒಪ್ಪಿದ್ರೂ ಆಗೂದಿಲ್ಲರಿ. ಗಂಡ ಹೋದಾಗಿನಿಂದ ಯಾವ ತೊಟ್ಟಿಲಿಗೂ ನನ್ನ ಯಾರೂ ಕರದಿಲ್ಲ."

"ನಾವು ಕರದೇವಿ. ಬಾ."

ಇಪ್ಪತ್ತು ವರ್ಷ ಯಾರಾದರೂ ಅನ್ನಲಿ ಎಂದು ಕಾದ ಮಾತದು. ದುಂಡವ್ವ ಸೊಂಟದ ಸೆರಗು ಬಿಚ್ಚಿ ತಲೆಗೆ ಹೊದ್ದು ಮನೆಯತ್ತ ನಡೆದಳು.

ಅಡಿವೆಪ್ಪನ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿದರು. ಓಣಿಯ ಹೆಂಗಸರು ನೆರೆದರು. "ಲಕ್ಷ್ಮಿ ಅನ್ರಿ, ಅಕ್ಕಾರ" ಎಂದು ಬಾಳವ್ವ ಪಿಸುಗುಟ್ಟಿದಳು. ದುಂಡವ್ವ ಹುಡುಗಿಯ ಕಿವಿಗೆ ಬಾಗಿದಳು. ಆಗ ಅಜ್ಜನವರು ಕೈ ಎತ್ತಿದರು.

"ದುಂಡವ್ವಾ, ಎರಡು ಸಲ ಹೊಸ ಹೆಸರು ಹೇಳಿಸಿ ನಾವು ತಪ್ಪು ಮಾಡೇವಿ. ನೀ ಹೇಳಬ್ಯಾಡ. ಕೇಳು."

ದುಂಡವ್ವ ತನ್ನ ಕಿವಿಯನ್ನೇ ಹುಡುಗಿಯ ಬಾಯಿಗೆ ಹಿಡಿದಳು. "ನಿಮ್ಮವ್ವ ನಿನ್ನ ಏನಂತ ಕರೀತಿದ್ಲು, ನನ್ನವ್ವಾ?"

ಬಾಗಿದ ಸೊಂಟ ಸಿಡಿಯತೊಡಗಿದರೂ ದುಂಡವ್ವ ಏಳಲಿಲ್ಲ. ಕಡೆಗೆ ಕಿವಿಗೆ ಬಿಸಿಯುಸಿರು ತಾಗಿತು.

"ತಿಪ್ಪವ್ವ."

ದುಂಡವ್ವನ ಕಣ್ಣು ತುಂಬಿ ಬಂತು. ಹುಟ್ಟಿದ ಮಕ್ಕಳು ಒಂದೂ ಉಳಿಯದ ತಾಯಿ, ಇದಾದರೂ ಸಾವಿನ ಕಣ್ಣಿಗೆ ಕಸವಾಗಿ ಕಾಣಲಿ ಎಂದು, ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಇಡುವ ಹೆಸರದು. ಪಟ್ಟಣವೇ ಬರಿದಾದರೂ ಈ ಕೂಸು ಉಳಿದಿತ್ತು. ಅಂಥ ಹೆಸರನ್ನು ಅಳಿಸಲು ಹೊರಟಿದ್ದೆವಲ್ಲ, ಶಿವನೇ! ಯಾರ ಪೈಕಿ ಎಂದು ತಾನು ಕೇಳಿದ್ದಕ್ಕೂ ಉತ್ತರ ಸಿಕ್ಕಿತ್ತು: ಇದೊಂದಾದರೂ ಉಳಿಯಲಿ ಎಂದು ಹಂಬಲಿಸಿದ ತಾಯಿಯ ಪೈಕಿ.

"ಕುರ್ರ್... ತಿಪ್ಪವ್ವಾ!" ದುಂಡವ್ವ ಕೂಗಿದ್ದು ಓಣಿಯ ತುದಿಗೆ ಕೇಳಿತು.

"ಓ!" ಎಂದಿತು ಕೂಸು.

ಬಾಳವ್ವ ಓಡಿಬಂದು ಅದನ್ನು ಬಾಚಿ ತಬ್ಬಿಕೊಂಡಳು. ಗುದ್ದಬೇಕಾದ ಹೆಂಗಸರು ಮಾತ್ರ ವಿಧವೆಯ ಬೆನ್ನೆಂದು ಹಿಂದೆ ಮುಂದೆ ನೋಡುತ್ತ ನಿಂತಿದ್ದರು. ಎಲ್ಲರಿಗಿಂತ ಹಿರಿಯಳೊಬ್ಬಳು ಮೆಲ್ಲಗೆ ಒಂದು ಗುದ್ದಿದಳು.

"ಕೂಸಿನ ಅತ್ತಿ ನಾನು! ಜೋರಾಗಿ ಗುದ್ರೇ!" ಎಂದು ದುಂಡವ್ವ ಅಳುತ್ತ ನಗುತ್ತ ಬೆನ್ನು ಬಾಗಿಸಿದಳು. ಧಪಧಪನೆ ಗುದ್ದುಗಳು ಬಿದ್ದವು.

ಅಜ್ಜನವರು ಬರಿದಾದ ಚಕ್ಕಡಿಗೆ ಎತ್ತು ಹೂಡಿದರು. ಮುಂದೆ ಆ ಊರಿಗೆ ಬಂದ ಹದಿನಾಲ್ಕು ಮಕ್ಕಳಿಗೂ ದುಂಡವ್ವನೇ ಸೋದರತ್ತೆ. ಪ್ರತಿ ಸಲವೂ ಅವಳು ಮೊದಲು ಕಿವಿ ಕೊಟ್ಟಳು, ಆಮೇಲೆ ಬೆನ್ನು ಕೊಟ್ಟಳು.