ಬೀಗಿದ ಬ್ಯಾಟು, ಪಡುವಣ ಗಾಳಿ

ಒಂದು ಕಾಲೇಜಿನ ಬೇಸ್‌ಬಾಲ್ ಬ್ಯಾಟು ತಾನು ಹೊಡೆದ ಚೆಂಡೆಲ್ಲ ಬೇಲಿ ದಾಟುತ್ತದೆಂದು ಬೀಗುತ್ತಿತ್ತು. ಒಮ್ಮೆ ಅದೇ ಊರಿನ ಇನ್ನೊಂದು ಕಾಲೇಜಿನ ಮೈದಾನದಲ್ಲಿ ಪಂದ್ಯ ನಡೆಯಿತು. ಅಷ್ಟೇ ಜೋರಾಗಿ ಹೊಡೆದರೂ ಚೆಂಡು ಬೇಲಿಯ ಈಚೆಗೇ ಎದುರಾಳಿಯ ಕೈಗೆ ಬಿತ್ತು.

"ಇಲ್ಲಿಯ ಗಾಳಿಯೇ ಸರಿಯಿಲ್ಲ!" ಎಂದು ಬ್ಯಾಟು ಸಿಡುಕಿತು.

"ಅಲ್ಲಿಯೂ ನಾನೇ ಇದ್ದೆ," ಎಂದಿತು ಪಡುವಣ ಗಾಳಿ. "ನಿಮ್ಮ ಮೈದಾನದ ಮುಖ ಮೂಡಣಕ್ಕೆ, ಹಾಗಾಗಿ ಚೆಂಡನ್ನು ಹಿಂದಿನಿಂದ ತಳ್ಳುತ್ತಿದ್ದೆ. ಇದರ ಮುಖ ಪಡುವಣಕ್ಕೆ, ಎದುರಿನಿಂದ ಬರುತ್ತೇನೆ. ಗೆದ್ದಾಗ ನೆನಪಾಗದ ನಾನು ಸೋತಾಗ ನೆನಪಾದೆನೇ?"

ಬ್ಯಾಟು ಪೆಚ್ಚಾಯಿತು. ಮರುವಾರ ತನ್ನ ಮೈದಾನದಲ್ಲಿ ಚೆಂಡು ಬೇಲಿ ದಾಟಿದ ಕೂಡಲೇ, "ಇದು ಗಾಳಿಯಣ್ಣನ ಕೃಪೆ!" ಎಂದು ಕೂಗಿತು.

ಕಂಬದ ಬಾವುಟ ಜೋತುಬಿದ್ದಿತ್ತು. ಅದರ ಮಡಿಕೆಯಲ್ಲಿ ಮಲಗಿದ್ದ ಗಾಳಿ ಆಕಳಿಸಿತು: "ನಾನಿನ್ನೂ ಎದ್ದೇ ಇಲ್ಲ ತಮ್ಮಾ. ಈ ಹೊಡೆತ ಪೂರ್ತಿ ನಿನ್ನದೇ."