ಬಿಗಿದ ನಟ್ಟು

ಘಟಪ್ರಭೆಯ ದಂಡೆಯ ಒಂದೂರಿನಲ್ಲಿ ದುಂಡಪ್ಪನೆಂಬ ವೆಲ್ಡರ್ ಇದ್ದ. ಅವನ ತಮ್ಮ ಚಂದ್ರಾಮನಿಗೆ ಎರಡೂ ಕೈಗಳಿರಲಿಲ್ಲ. ಕಬ್ಬಿನ ಗಾಣಕ್ಕೆ ಸಿಕ್ಕ ಒಂದು ಕೈಯನ್ನು ಬಿಡಿಸಲು ಹೋಗಿ ಇನ್ನೊಂದನ್ನೂ ಕಳೆದುಕೊಂಡಿದ್ದ. ಎಲ್ಲಿಗೆ ಹೋಗಬೇಕೆಂದರೂ ಅಣ್ಣನ ಬೈಕಿನ ಹಿಂದಿನ ಸೀಟೇ ಗತಿ.

ಒಂದು ದಿನ ಅವನು ಬಾಯಿಬಿಟ್ಟು ಹೇಳಿದ: "ಅಣ್ಣಾ, ನಿನ್ನ ಬೆನ್ನ ನೋಡಿ ನೋಡಿ ಸಾಕಾಗೇತಿ. ಒಮ್ಮೆರ ನಾ ಒಬ್ಬಾವನ ಊರ ಹೊರಗ ಹೋಗಿ ಬರಬೇಕು."

ಕೈ ಹಿಡಿಯದೆ ಓಡಿಸುವ ಸೈಕಲ್ಲೊಂದನ್ನು ದುಂಡಪ್ಪ ಫೋನಿನಲ್ಲಿ ನೋಡಿದ್ದ. ಗುಜರಿಯಿಂದ ಎರಡು ಹಳೆಯ ಸೈಕಲ್ ತಂದು ಕೊಯ್ದ, ಬೆಸೆದ. ಮುಂದಿನ ಅರ್ಧ, ಹಿಂದಿನ ಅರ್ಧ ಎರಡೂ ಸೀಟಿನ ಕೆಳಗೆ ಒಂದೇ ದಪ್ಪ ಬೋಲ್ಟಿನಲ್ಲಿ ಕೂಡಿ, ಬಾಗಿಲಿನ ಕೀಲಿನಂತೆ ಆಡುತ್ತಿದ್ದವು. ಹ್ಯಾಂಡಲ್ ಇಲ್ಲ. ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯಬೇಕು. ಯಾವ ಕಾಲನ್ನು ಒತ್ತಿದರೆ ಹೇಗೆ ಹೊರಳುತ್ತದೆಂಬುದನ್ನು ಸೊಂಟ, ಕಾಲುಗಳೇ ಕಲಿಯಬೇಕು. ಹಿಂದಕ್ಕೆ ತುಳಿದರೆ ಬ್ರೇಕು.

"ಮಂಚಕ್ಕ ಗಾಲಿ ಹಚ್ಚ್ಯಾನ ನೋಡ್ರಿ" ಎಂದು ಊರು ನಕ್ಕಿತು. ನಗುವುದಕ್ಕೇನು, ಪುಕ್ಕಟೆ. ಚಂದ್ರಾಮ ಶಾಲೆಯ ಬಯಲಿನಲ್ಲಿ ಅದರ ಮೇಲೆ ಕೂತ, ಬಿದ್ದ. ಮತ್ತೆ ಕೂತ, ಮತ್ತೆ ಬಿದ್ದ. ನೆಲಕ್ಕೆ ಊರಲು ಕೈಯಿಲ್ಲದವನ ಭುಜ ತರಚಿತು, ಕೆನ್ನೆ ಸುಲಿಯಿತು. ಆದರೂ ಅವನ ಮುಖದಲ್ಲಿ ನಗೆಯಿತ್ತು.

"ನಿನ್ನೆಕಿಂತ ಇವತ್ತ ದೂರ ಹೋದೆ, ಅಣ್ಣಾ. ಕಾಲಿಗೆ ತಿಳಿಯಾಕತ್ತೇತಿ."

ಅಣ್ಣನಿಗೆ ಮಾತ್ರ ನಗು ಬರಲಿಲ್ಲ. ರಕ್ತ ಒರೆಸುವವನು ಅವನಲ್ಲವೇ? ಒಂದು ಸಂಜೆ ತಮ್ಮ ಒಳಗಿದ್ದಾಗ ಅವನು ಪಾನಾ ಹಿಡಿದು ಆ ಬೋಲ್ಟಿನ ನಟ್ಟನ್ನು ಬಿಗಿದ. ಕೀಲು ಗಟ್ಟಿಯಾಗಿ, ಅತ್ತಿತ್ತ ಹೆಚ್ಚು ಹೊಯ್ದಾಡದಂತಾಯಿತು. ತಮ್ಮನಿಗೆ ಹೇಳಲಿಲ್ಲ.

ಮರುದಿನ ಚಂದ್ರಾಮ ಬಯಲಿನ ಈ ತುದಿಯಿಂದ ಆ ತುದಿಗೆ ಬೀಳದೆ ನೆಟ್ಟಗೆ ಹೋದ. "ಕಲತೆ ಅಣ್ಣಾ, ಕಲತೆ!" ಎಂದು ಕೂಗಿದ. ದುಂಡಪ್ಪನ ಕಣ್ಣು ತುಂಬಿ ಬಂತು. ಆಗಲಾದರೂ ಹೇಳಬೇಕಿತ್ತು. ಇಷ್ಟು ಖುಷಿಯಲ್ಲಿದ್ದಾನೆ, ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆ ಬೆಳಗ್ಗೆ ಅವನು ಏಳುವಷ್ಟರಲ್ಲಿ ತಮ್ಮನೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಚಂದ್ರಾಮ ಒಬ್ಬನೇ ನೆಟ್ಟನೆಯ ದಾರಿ ಹಿಡಿದು ಊರು ದಾಟಿದ್ದ. ಕಾಲುವೆಯ ರಸ್ತೆ ತಿರುಗುವಲ್ಲಿ ಅವನು ಕಾಲು ಒತ್ತಿದ. ಸೈಕಲ್ಲು ಹೊರಳಲಿಲ್ಲ. ಬ್ರೇಕು ತುಳಿಯುವಷ್ಟರಲ್ಲಿ ನೆಟ್ಟಗೆ ಹೋಗಿ ದಂಡೆಯ ಕಲ್ಲುಗಳ ಮೇಲೆ ಬಿತ್ತು. ಹೊಲಕ್ಕೆ ಹೊರಟವರು ಅವನನ್ನು ಎತ್ತಿ ತಂದರು. ಬಲಮೊಣಕಾಲು ಪುಡಿಯಾಗಿತ್ತು.

ಹಾಸಿಗೆಯಲ್ಲಿ ಮಲಗಿ ಅವನು ಒಂದೇ ಮಾತನ್ನು ಹೇಳುತ್ತಿದ್ದ: "ನಾ ಒತ್ತಿದೆ ಅಣ್ಣಾ, ಖರೇನ ಒತ್ತಿದೆ. ಕೈಯಂತೂ ಹೋದುವು. ಈಗ ಕಾಲೂ ನನ್ನ ಮಾತ ಕೇಳವಲ್ಲವು."

ದುಂಡಪ್ಪನಿಗೆ ಅದನ್ನು ಕೇಳಲಾಗಲಿಲ್ಲ. "ನಿನ್ನ ಕಾಲಿನ ತಪ್ಪಲ್ಲೋ ತಮ್ಮಾ. ನಟ್ ಬಿಗದಾವ ನಾನು" ಎಂದ.

ಚಂದ್ರಾಮ ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದ: "ಕೈ ತಿಂದ ಗಾಣ ಆದರೂ ಕಣ್ಣಿಗೆ ಕಾಣತಿತ್ತಣ್ಣಾ. ನೀ ಬಿಗದದ್ದು ಕಾಣಲಿಲ್ಲ."

ಆ ಮೊಣಕಾಲನ್ನು ಮತ್ತೆ ಮಡಚಲು ಬರಲಿಲ್ಲ. ದುಂಡಪ್ಪ ಸೈಕಲ್ಲನ್ನು ರಿಪೇರಿ ಮಾಡಿ, ನಟ್ಟು ಸಡಿಲಿಸಿ ಅಂಗಡಿಯ ಮೂಲೆಗೆ ಒರಗಿಸಿದ. ಈಗ ಬೆರಳು ತಾಗಿಸಿದರೂ ಅದು ಹೊರಳುತ್ತದೆ. ಹತ್ತುವವರಿಲ್ಲ. ಚಂದ್ರಾಮ ನೆಟ್ಟಗಾದ ಕಾಲನ್ನು ಪಕ್ಕಕ್ಕೆ ಚಾಚಿ ಬೈಕಿನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ, ಅಣ್ಣನ ಬೆನ್ನು ನೋಡುತ್ತಾ.

ನೀತಿ: ನಮ್ಮವರು ಬೀಳುವುದನ್ನು ನೋಡಲಾರದೆ, ಅವರಿಗೆ ತಿಳಿಯದಂತೆ ನಾವು ಬಿಗಿಯುವ ನಟ್ಟು ಅವರನ್ನು ಕಾಯುವುದಿಲ್ಲ. ಅವರು ತಿರುಗಬೇಕಾದ ಕಡೆ ಅದು ಅವರನ್ನು ತಿರುಗಗೊಡುವುದಿಲ್ಲ. ಪ್ರೀತಿಯಿದ್ದರೆ ಪಕ್ಕದಲ್ಲಿ ನಿಂತು ಗಾಯ ಒರೆಸಿ. ಕಲಿಯುವುದನ್ನು ಅವರಿಗೇ ಬಿಡಿ.