ನಾಲ್ಕು ಕಟ್ಟು, ನಾಲ್ಕು ಬೀದಿ

“ಗುರುಗಳೇ, ಈ ಊರಿನಲ್ಲಿ ಅಕ್ಷರ ಬಲ್ಲವರು ಒಬ್ಬರೂ ಇಲ್ಲ. ಗ್ರಂಥಗಳನ್ನು ಯಾರ ಕೈಗೆ ಕೊಡಲಿ?” ಎಂದು ಶಿಷ್ಯ ಕೇಳಿದ.

ಅವನು ಮಠದ ಗ್ರಂಥಗಳ ಹೊಣೆ ಹೊತ್ತು ಹನ್ನೆರಡು ವರ್ಷವಾಗಿತ್ತು. ಈಗ ಶತ್ರುಸೈನ್ಯ ಎರಡು ದಿನದ ದಾರಿಯಲ್ಲಿತ್ತು. ಸಿಕ್ಕ ಮಠಗಳಿಗೆಲ್ಲ ಅದು ಬೆಂಕಿ ಇಡುತ್ತ ಬರುತ್ತಿದೆ ಎಂಬ ಸುದ್ದಿ ಬಂದಿತ್ತು. ಓಲೆಗ್ರಂಥಗಳನ್ನು ಊರಿನ ಮನೆಮನೆಗೆ ಹಂಚಿ ಬಚ್ಚಿಡು ಎಂದು ಗುರುಗಳು ಬೆಳಿಗ್ಗೆಯೇ ಹೇಳಿದ್ದರು. ಮಧ್ಯಾಹ್ನವಾದರೂ ಒಂದು ಕಟ್ಟೂ ಹೊಸಿಲು ದಾಟಿರಲಿಲ್ಲ. ಓದಲು ಬಾರದವರಿಗೆ ಅದರ ಬೆಲೆ ಹೇಗೆ ತಿಳಿದೀತು, ಒಲೆಗೆ ಹಾಕಿಬಿಟ್ಟರೆ ಗತಿಯೇನು ಎಂಬ ಭಯ ಶಿಷ್ಯನದು.

“ಕೂತುಕೋ” ಎಂದರು ಗುರುಗಳು. “ಸೈನ್ಯ ಬರಲು ಎರಡು ದಿನ ಬೇಕು. ಈ ಕತೆ ಮುಗಿಯಲು ಅಷ್ಟು ಬೇಡ.”

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಅವನ ಬಳಿ ಓಲೆಗ್ರಂಥದ ನಾಲ್ಕು ಕಟ್ಟುಗಳಿದ್ದವು. ಒಂದರಲ್ಲಿ ಆ ಸೀಮೆಯ ಗಿಡಮೂಲಿಕೆಯ ವೈದ್ಯ, ಮಿಕ್ಕ ಮೂರರಲ್ಲಿ ಒಂದು ದೊಡ್ಡ ಕಾವ್ಯ. ಅವುಗಳಿಗೆ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಪಂಡಿತ ಅವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪ್ರತಿ ಮಾಡಿಕೊಳ್ಳುತ್ತೇವೆ ಎಂದು ದೂರದಿಂದ ಬಂದವರನ್ನೂ ಬಾಗಿಲಿನಿಂದಲೇ ಸಾಗಹಾಕಿದ್ದ. ಗ್ರಂಥ ಕಾಯುವುದೆಂದರೆ ಪೆಟ್ಟಿಗೆಗೆ ಬೀಗ ಹಾಕುವುದು ಎಂದು ಅವನು ತಿಳಿದಿದ್ದ. ಪಾಪ, ಹೊಳೆಗೆ ಬೀಗದ ಮರ್ಯಾದೆ ಗೊತ್ತಿರಲಿಲ್ಲ.

ಒಂದು ಮಳೆಗಾಲ ಹೊಳೆ ಊರೊಳಗೆ ನುಗ್ಗಿತು. ಜನ ಗುಡ್ಡ ಹತ್ತಿ ಜೀವ ಉಳಿಸಿಕೊಂಡರು. ಮೂರನೆಯ ದಿನ ನೀರು ಇಳಿಯಿತು. ಪಂಡಿತ ಓಡಿ ಬಂದು ಪೆಟ್ಟಿಗೆ ತೆರೆದ. ನಾಲ್ಕು ಕಟ್ಟುಗಳೂ ಕೆಸರುನೀರಿನಲ್ಲಿ ನೆನೆದು ಊದಿಕೊಂಡಿದ್ದವು. ಅಂದು ಬಿಸಿಲು ಚೆನ್ನಾಗಿ ಬಿದ್ದಿತ್ತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಅವನು ಒಂದು ಕಟ್ಟಿನ ಮೇಲೆ ಸಡಿಲವಾಗಿದ್ದ ಕೆಲವು ಓಲೆಗರಿಗಳನ್ನು ಬಿಡಿಸಿ ಕಲ್ಲುಜಗಲಿಯ ಮೇಲೆ ಹರವಿದ.

ಆ ದಾರಿಯಲ್ಲಿ ಊರಿನ ಮಡಿವಾಳ ಬರುತ್ತಿದ್ದ. ಜಗಲಿಯನ್ನು ನೋಡಿ ನಿಂತ.

“ಅಯ್ಯನೋರೇ, ಬಿಸಿಲಿಗೆ ಹಾಕ್ಬೇಡಿ. ಒಂದೇ ಏಟಿಗೆ ಒಣಗಿದ್ರೆ ಸೆಟೆದು ಹೋಗ್ತದೆ.”

“ಗ್ರಂಥದ ವಿಷಯ ನಿನಗೇನಯ್ಯ ಗೊತ್ತು?”

“ಗ್ರಂಥ ಗೊತ್ತಿಲ್ಲ, ಅಯ್ಯನೋರೇ. ನೆಂದದ್ದು ಗೊತ್ತು.”

ಪಂಡಿತನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಒಂದು ಗರಿ ಚಟ್ಟನೆ ಸೀಳಿತು. ಅದರ ಹಿಂದೆಯೇ ಇನ್ನೊಂದು. ಪಂಡಿತ ತಲೆಯ ಮೇಲೆ ಕೈಹೊತ್ತು ಅಲ್ಲಿಯೇ ಕುಸಿದು ಅಳತೊಡಗಿದ. ಮಡಿವಾಳ ಅಪ್ಪಣೆಗೆ ಕಾಯದೆ ಗರಿಗಳನ್ನು ಎತ್ತಿ ನೆರಳಿಗೆ ಸರಿಸಿದ.

ಗರಿ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಗರಿಗೂ ಗರಿಗೂ ನಡುವೆ ಒಣಬಟ್ಟೆ ಇರಬೇಕು. ಆದರೆ ಊರೆಲ್ಲ ಹುಡುಕಿದರೂ ಒಣಗಿದ ಚಿಂದಿ ಸಿಗುವಂತಿರಲಿಲ್ಲ. ಇದ್ದದ್ದು ಮಡಿವಾಳನ ಮನೆಯಲ್ಲಿ ಮಾತ್ರ. ಅವನ ಮನೆ ದಿಬ್ಬದ ಮೇಲಿತ್ತು. ಹಬ್ಬಕ್ಕೆಂದು ಊರವರು ಒಗೆಯಲು ಕೊಟ್ಟ ಬಟ್ಟೆಗಳು ಅಲ್ಲಿ ಒಣಗಿ, ಗಂಟು ಗಂಟಾಗಿ ಕೂತಿದ್ದವು. ಅವು ಅವನವಲ್ಲ. ಕೊಟ್ಟವರೆಲ್ಲ ಒದ್ದೆಬಟ್ಟೆಯಲ್ಲಿ ನಡುಗುತ್ತ ಅವುಗಳಿಗಾಗಿಯೇ ಕಾಯುತ್ತಿದ್ದರು. ಒಂದು ಮನೆಯ ಬಟ್ಟೆಯನ್ನು ಇನ್ನೊಂದು ಕೆಲಸಕ್ಕೆ ಅವನು ಎಂದೂ ಮುಟ್ಟಿದವನಲ್ಲ, ಅವನ ತಂದೆಯೂ ಮುಟ್ಟಿದವನಲ್ಲ. ಆ ಒಂದು ನಂಬಿಕೆ ಹೋದರೆ ಅವನಿಗೆ ಅನ್ನವಿಲ್ಲ.

ಅವನು ಮನೆಮನೆಗೆ ಹೋದ. ನಿಮ್ಮ ಬಟ್ಟೆ ಒಣಗಿದೆ, ನಾಲ್ಕು ದಿನ ಓಲೆಗಳಿಗೆ ಬೇಕು, ಹೂಂ ಎಂದರೆ ಇಟ್ಟುಕೊಳ್ಳುತ್ತೇನೆ, ಬೇಡವೆಂದರೆ ಈಗಲೇ ತಂದುಕೊಡುತ್ತೇನೆ ಎಂದ. ಆ ಜನ ಓಲೆಯನ್ನು ಕಣ್ಣಿನಿಂದ ಕಂಡವರಲ್ಲ. ಕೇಳುತ್ತಿದ್ದವನನ್ನು ಮಾತ್ರ ಚೆನ್ನಾಗಿ ಬಲ್ಲರು. ಒಬ್ಬೊಬ್ಬರಾಗಿ ಹೂಂ ಎಂದರು. ಒಬ್ಬ ವರ್ತಕ ಮಾತ್ರ ರೇಗಾಡಿದ. ಮಡಿವಾಳ ಎದುರು ಮಾತಾಡದೆ ಅವನ ಗಂಟನ್ನು ತಂದು ಅವನದೇ ಜಗಲಿಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ವರ್ತಕನ ಹೆಂಡತಿ ಅದೇ ಗಂಟನ್ನು ತಾನೇ ಹೊತ್ತುಕೊಂಡು ದಿಬ್ಬ ಹತ್ತಿ ಬಂದಳು. ಇಟ್ಟು, ಇಳಿದು ಹೋದಳು. ಅದೆಂಥ ಹೆಣ್ಣುಮಗಳು!

ಇನ್ನೊಂದು ತೊಡಕು ಉಳಿದಿತ್ತು. ದಾರ ಕತ್ತರಿಸದೆ ಮಿಕ್ಕ ಗರಿಗಳು ಬಿಡುವಂತಿರಲಿಲ್ಲ. ಅಂಕಿ ಬರೆದಿದ್ದ ಅಂಚನ್ನು ಹುಳು ಎಂದೋ ತಿಂದುಹಾಕಿತ್ತು. ಕೊರೆದ ಅಕ್ಷರಕ್ಕೆ ತುಂಬಿದ ಮಸಿಯೆಲ್ಲ ತೊಳೆದುಹೋಗಿ ಓದಲಿಕ್ಕೂ ಬರುತ್ತಿರಲಿಲ್ಲ. ಒಮ್ಮೆ ದಾರ ಹೋಯಿತೆಂದರೆ ಯಾವುದರ ಹಿಂದೆ ಯಾವುದು ಎಂದು ಹೇಳುವವರಿಲ್ಲ. ಪಂಡಿತ ಹಿಂದೆ ಸರಿದ. ಮಡಿವಾಳನೇ ದಾರ ಕತ್ತರಿಸಿದ.

ಅವನಿಗೆ ಒಂದು ಕ್ರಮ ಗೊತ್ತಿತ್ತು. ಮೂವತ್ತು ವರ್ಷ ಬಟ್ಟೆ ಹೊತ್ತು ತಿರುಗಿದ ಬೀದಿಗಳ ಕ್ರಮ. ಊರಿನಲ್ಲಿ ಇದ್ದದ್ದೂ ನಾಲ್ಕೇ ಬೀದಿ. ಮೊದಲ ಕಟ್ಟನ್ನು ಅವನು ಮೂಡಣ ಬೀದಿಯ ಬಟ್ಟೆಗೆ ಕೊಟ್ಟ. ಮೊದಲ ಮನೆಯ ಯಜಮಾನನ ಪಂಚೆಯಲ್ಲಿ ಮೊದಲ ಗರಿ, ಅವನ ಹೆಂಡತಿಯ ಸೀರೆಯಲ್ಲಿ ಎರಡನೆಯದು, ಸೊಸೆಯ ಸೀರೆಯಲ್ಲಿ ಮೂರನೆಯದು. ಆಮೇಲೆ ಪಕ್ಕದ ಮನೆ. ಬಟ್ಟೆ ತೇವವಾದರೆ ಅದೇ ಮನೆಯ ಇನ್ನೊಂದು ಬಟ್ಟೆ. ಅಂಟಿಕೊಂಡ ಗರಿಗಳನ್ನು ಅವನು ಎಳೆಯಲಿಲ್ಲ. ತಿಳಿನೀರು ಬಿಟ್ಟು, ತಾವಾಗಿ ಬಿಡುವವರೆಗೆ ಕಾದ. ಆ ನಾಲ್ಕು ದಿನ ಅವನೂ ಅವನ ಹೆಂಡತಿಯೂ ಒಂದು ಹೊತ್ತೂ ನೆಮ್ಮದಿಯಾಗಿ ಕೂತು ಉಣ್ಣಲಿಲ್ಲ.

ಐದನೆಯ ದಿನ ಬೀದಿಯಿಂದ ಬೀದಿಗೆ, ಮನೆಯಿಂದ ಮನೆಗೆ ಗರಿಗಳನ್ನು ಎತ್ತಿ ಜೋಡಿಸಿಕೊಟ್ಟ. ಪಂಡಿತ ಮಸಿ ತಿಕ್ಕಿದ. ಅಕ್ಷರಗಳು ಎದ್ದು ಬಂದವು. ಅವನು ಓದುತ್ತ ಹೋದ. ಕುಂಬಾರನ ಮನೆ ದಾಟಿತು, ಗಾಣಿಗನ ಮನೆ ದಾಟಿತು, ಕಾವ್ಯ ಎಲ್ಲಿಯೂ ತಡವರಿಸಲಿಲ್ಲ. ಮೂರನೆಯ ಬೀದಿಯ ನಡುವೆ ಮಾತ್ರ ಒಂದೆಡೆ ಎಡವಿತು. ಎರಡು ಗರಿ ಹಿಂದುಮುಂದಾಗಿದ್ದವು.

“ಇಲ್ಲೇನಾಯಿತಪ್ಪ?” ಎಂದು ಪಂಡಿತ ಕೇಳಿದ.

ಮಡಿವಾಳ ತಲೆ ಕೆರೆದುಕೊಂಡ. “ಅಲ್ಲಿ ಅಣ್ಣ ತಮ್ಮ ಪಾಲಾಗವ್ರೆ, ಅಯ್ಯನೋರೇ. ಮೊದ್ಲು ಯಾರ ಮನೆ ಅಂತ ನಂಗೂ ಒಸಿ ಅನುಮಾನಿತ್ತು.”

ಪಂಡಿತ ನಕ್ಕುಬಿಟ್ಟ. ನೆರೆ ಬಂದ ಮೇಲೆ ಆ ಊರಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಅವನ ಕಣ್ಣಿನಲ್ಲಿ ನೀರು ಬಂತು. ಎದ್ದು ನಿಂತು ಕೈಮುಗಿದ. ಅದನ್ನು ನೋಡಲು ಮಡಿವಾಳನಿಗೆ ಪುರುಸೊತ್ತಿರಲಿಲ್ಲ. ಅಷ್ಟೂ ಬಟ್ಟೆಯನ್ನು ಮತ್ತೆ ಒಗೆದು ಮನೆ ಸೇರಿಸುವ ಕೆಲಸ ಅವನಿಗೆ ಬಾಕಿಯಿತ್ತು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. “ಆ ಕಾವ್ಯವನ್ನು ನಾನು ಓದಿದ್ದೇನೆ” ಎಂದರು. “ಕವಿಗೆ ಒಮ್ಮೆ ಕೈಮುಗಿಯುತ್ತೇನೆ. ಆ ಮಡಿವಾಳನಿಗೆ ಎರಡು ಸಲ.”

ಶಿಷ್ಯನಿಗೂ ಮನಸ್ಸು ತುಂಬಿ ಬಂದಿತ್ತು. “ಎಂಥ ಮನುಷ್ಯ, ಗುರುಗಳೇ! ಅಂಥವನೊಬ್ಬ ನಮ್ಮ ಊರಿನಲ್ಲಿಯೂ ಇದ್ದಿದ್ದರೆ ನನಗೆ ಈ ಚಿಂತೆಯೇ ಇರುತ್ತಿರಲಿಲ್ಲ.”

“ನೀನು ಉಟ್ಟಿರುವ ಬಟ್ಟೆಯನ್ನು ಹನ್ನೆರಡು ವರ್ಷದಿಂದ ಒಗೆದು ಕೊಡುತ್ತಿರುವವನ ಹೆಸರೇನು?” ಎಂದು ಗುರುಗಳು ಕೇಳಿದರು.

ಅದನ್ನು ಶಿಷ್ಯ ಎಂದೂ ಕೇಳಿರಲಿಲ್ಲ. ಎದ್ದು ಒಂದು ಕಟ್ಟನ್ನು ಎತ್ತಿಕೊಂಡು, ಕೇಳಲೆಂದು ಹೊಸಿಲು ದಾಟಿದ.